ಒಂದೇ ಉತ್ತರದ ಒಗಟು: ಸಮಸ್ಯಾಪರಿಹಾರ ಸ್ಪರ್ಧೆಯ ಚರಿತ್ರೆಯಲ್ಲಿ ಮದರಾಸು, ಬೆಂಗಳೂರು

ತ್ಯಾಗರಾಯನಗರವೆಂಬ ಬಡಾವಣೆ ಇನ್ನೂ ಹುಟ್ಟಿರದಿದ್ದ ಕಾಲವದು. ಇಂದು ಟಿ. ನಗರವೆನಿಸಿಕೊಂಡಿರುವ ನೆಲದಲ್ಲಿ ಆಗ ಮಾಂಬಲದ ದೊಡ್ಡ ಕೆರೆ ಹರಡಿಕೊಂಡಿದ್ದಿತು. ಆ ಕೆರೆಯನ್ನು ತುಂಬಿ ಬೀದಿಗಳನ್ನು ಎಳೆದುದು 1920ರ ದಶಕದಲ್ಲಿ. ಅದಕ್ಕೆ ಹತ್ತಾರು ವರ್ಷ ಮೊದಲು, 1912ರಲ್ಲಿ, ಮದರಾಸು ಸರಕಾರದ ಮುದ್ರಣಾಲಯದಿಂದ ಒಂದು ಗಣಿತಗ್ರಂಥ ಹೊರಬಂದಿತು. ಮಾನ್ಯಖೇಟದ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಒಂಬತ್ತನೆಯ ಶತಮಾನದ ನಡುಭಾಗದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವೇ ಆ ಗ್ರಂಥ. ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರೂ ಪ್ರಾಚ್ಯ ಹಸ್ತಪ್ರತಿ ಭಂಡಾರದ ಮೇಲ್ವಿಚಾರಕರೂ ಆಗಿದ್ದ ಎಂ. ರಂಗಾಚಾರ್ಯರು ಅದನ್ನು ಸಂಶೋಧಿಸಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಅವರು ಆಧಾರವಾಗಿಟ್ಟುಕೊಂಡ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದುವು. ಕನ್ನಡ ನಾಡಿನಲ್ಲಿ ಹುಟ್ಟಿದ ಸಮಸ್ಯೆಗಳು ಹೊರಜಗತ್ತಿನ ವಿದ್ವಾಂಸರ ಕೈಗೆ ತಲುಪಿದ್ದು, ಹೀಗೆ, ಮದರಾಸಿನ ಮೂಲಕ.

ಗ್ರಂಥವನ್ನು ತೆರೆದು ನೋಡಿದವರಿಗೆ ಅದು ಶುಷ್ಕ ಸೂತ್ರಗಳ ಸಂಗ್ರಹವೆಂದು ಎಲ್ಲಿಯೂ ತೋರುವುದಿಲ್ಲ. ಒಂದು ಉದಾಹರಣೆ ಸಾಕು. ಹಣ್ಣುಹಂಪಲುಗಳಿಂದ ತುಂಬಿದ ವನವೊಂದರ ಅಂಚಿಗೆ ದಣಿದ ದಾರಿಗರು ಬರುತ್ತಾರೆ. ಅಲ್ಲಿ ಬಾಳೆಹಣ್ಣಿನ 63 ರಾಶಿಗಳಿವೆ. ಎಲ್ಲ ರಾಶಿಗಳಲ್ಲಿಯೂ ಹಣ್ಣಿನ ಸಂಖ್ಯೆ ಒಂದೇ. ಬಿಡಿಯಾಗಿ ಮತ್ತೆ 7 ಹಣ್ಣುಗಳಿವೆ. 23 ಮಂದಿ ದಾರಿಗರು ಅಷ್ಟನ್ನೂ ಶೇಷವಿಲ್ಲದಂತೆ ಸಮನಾಗಿ ಹಂಚಿಕೊಂಡರೆ ಒಂದೊಂದು ರಾಶಿಯಲ್ಲಿ ಇದ್ದ ಹಣ್ಣುಗಳೆಷ್ಟು? ರಾಶಿಗೆ 5 ಎಂದರೆ ಒಟ್ಟು 322 ಆಗುತ್ತದೆ. ತಲೆಗೆ 14 ಬರುತ್ತದೆ. ಆದರೆ ರಾಶಿಗೆ 28 ಎಂದರೂ ಲೆಕ್ಕ ಸರಿಯೇ. ಆಗ ಒಟ್ಟು 1771, ತಲೆಗೆ 77. 51 ಎಂದರೂ ಸರಿ. ಇಪ್ಪತ್ತಮೂರರಂತೆ ಕೂಡಿಸುತ್ತ ಹೋದಷ್ಟೂ ಹೊಸ ಉತ್ತರ ದೊರೆಯುತ್ತಲೇ ಇರುತ್ತದೆ. ಆಚಾರ್ಯನಿಗೆ ಇದರಿಂದ ಯಾವ ಇಕ್ಕಟ್ಟೂ ಇಲ್ಲ. ಅವನಿಗೆ ಬೇಕಾದುದು ಕುಟ್ಟೀಕಾರವೆಂಬ ವಿಧಾನವನ್ನು ಶಿಷ್ಯನು ಕಲಿಯುವುದು. ಈ ಒಂದು ಅಂಶವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಲೆಕ್ಕವು ಪಾಠವಾಗಿದ್ದಾಗ ಉತ್ತರಗಳು ಎಷ್ಟಿದ್ದರೂ ನಡೆಯುತ್ತದೆ. ಪಂದ್ಯವಾದಾಗ ಒಂದಕ್ಕಿಂತ ಹೆಚ್ಚು ಇರುವಂತಿಲ್ಲ.

ಕನ್ನಡ ನಾಡಿನ ಅರಮನೆಗಳಲ್ಲಿ ಬುದ್ಧಿಯ ಆಟಗಳಿಗೆ ಗೌರವದ ಸ್ಥಾನವಿದ್ದಿತೆಂಬುದಕ್ಕೆ ಸಾಕ್ಷ್ಯ ಬೇಕಾದಷ್ಟಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನು ಆಡತಕ್ಕ ಕ್ರೀಡೆಗಳ ಸಾಲಿನಲ್ಲಿ ಚದುರಂಗದೊಡನೆ ಪ್ರಹೇಲಿಕೆಯೂ, ಎಂದರೆ ಒಗಟಿನ ಆಟವೂ, ಸೇರಿದೆ. ಏಳು ಶತಮಾನಗಳ ಬಳಿಕ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆಯನ್ನು ಅರುವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದು ಸಲ ಮಾತ್ರ ಇಳಿಸುವ ತುರಗಸಂಚಾರದ ವಿನ್ಯಾಸಗಳನ್ನು ಕಟ್ಟುತ್ತ ಕುಳಿತರು. ರಾಜ್ಯಭಾರವನ್ನು ಕಂಪನಿ ಸರಕಾರವು 1831ರಲ್ಲಿ ಕಿತ್ತುಕೊಂಡಿದ್ದ ದೊರೆಗೆ ಈ ಚೌಕಗಳ ನಾಡಿನಲ್ಲಾದರೂ ಪೂರ್ಣಾಧಿಕಾರವಿದ್ದಿತೆನ್ನಬೇಕು. ಕುದುರೆ ಇಳಿದ ಮನೆಗಳಿಗೆ ಕ್ರಮವಾಗಿ 1ರಿಂದ 64ರ ವರೆಗೆ ಅಂಕಿ ಹಾಕಿದಾಗ ಅಡ್ಡಸಾಲು, ಕಂಬಸಾಲುಗಳೆಲ್ಲವೂ 260 ಆಗಬೇಕೆಂಬ ಕಠಿನವಾದ ಬಗೆಯೊಂದುಂಟು. ಅದರ ಚರಿತ್ರೆಯಲ್ಲಿ ಮೈಸೂರಿನ ದೊರೆಯ ಹೆಸರು ಸೇರಿದೆ. ಕರ್ಣಗಳೂ 260 ಆಗುವಂತೆ ಸಾಧ್ಯವೆ ಎಂಬ ಪ್ರಶ್ನೆ ಮಾತ್ರ ಬಹುಕಾಲ ಉಳಿದುಕೊಂಡಿತು. 2003ರಲ್ಲಿ ಗಣಕಯಂತ್ರಗಳಿಂದ ನಡೆಸಿದ ಸಂಪೂರ್ಣ ಶೋಧನೆಯಲ್ಲಿ ಸಾಲುಗಳಷ್ಟೇ ಸರಿಹೋಗುವ ಬೇರೆಬೇರೆ ಸಂಚಾರಗಳು 140 ಇವೆಯೆಂದೂ, ಕರ್ಣಗಳೂ ಸರಿಹೋಗುವುದು ಒಂದೂ ಇಲ್ಲವೆಂದೂ ನಿರ್ಧಾರವಾಯಿತು.

ಇಷ್ಟನ್ನು ಹೇಳಿ, ಜಗತ್ತಿನ ಒಗಟಿನ ಪಂದ್ಯಗಳೆಲ್ಲಕ್ಕೂ ಕರ್ನಾಟಕವೇ ತವರೆಂದು ಸಾರುವುದು ಸುಲಭ. ಆದರೆ ಅದು ಚರಿತ್ರೆಯಾಗಲಾರದು. ಸೋಮೇಶ್ವರನ ಪ್ರಹೇಲಿಕೆಯೂ ಮುಮ್ಮಡಿಯವರ ತುರಗಸಂಚಾರವೂ ಆಸ್ಥಾನದ ಒಳಗೆ ಹುಟ್ಟಿ ಆಸ್ಥಾನದಲ್ಲಿಯೇ ಮೆಚ್ಚುಗೆ ಪಡೆದವು. ಪರಸ್ಪರ ಮುಖಪರಿಚಯವಿಲ್ಲದವರು ದೂರದೂರದ ಊರುಗಳಲ್ಲಿ ಕುಳಿತು ಒಂದೇ ಸಮಸ್ಯೆಯ ಮೇಲೆ ಕೆಲಸ ಮಾಡಿ, ಉತ್ತರಗಳನ್ನು ಒಬ್ಬ ಮಧ್ಯಸ್ಥನಿಗೆ ಕಳುಹಿಸುವುದು ಬೇರೆಯೇ ಬಗೆಯ ವ್ಯವಸ್ಥೆ. ಅದಕ್ಕೆ ಅಂಚೆ ಬೇಕು, ಅಚ್ಚು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ತಾಳ್ಮೆಯುಳ್ಳ ಸಂಪಾದಕನೊಬ್ಬ ಬೇಕು.

ಅಂಥ ಸಂಪಾದಕನು ನಮ್ಮ ಭಾಗಕ್ಕೆ ದೊರೆತುದು ಬೆಂಗಳೂರಿನಲ್ಲಿ. ಮದರಾಸು ಪ್ರಾಂತದಲ್ಲಿ ಡೆಪ್ಯುಟಿ ಕಲೆಕ್ಟರರಾಗಿದ್ದ ವಿ. ರಾಮಸ್ವಾಮಿ ಅಯ್ಯರರು 1907ರಲ್ಲಿ ಗಣಿತಾಸಕ್ತರಿಗೆ ಪತ್ರ ಬರೆದು ಒಂದು ಸಂಘವನ್ನು ಕಟ್ಟಿದರು. ಅದೇ ಮುಂದೆ ಭಾರತೀಯ ಗಣಿತ ಸಂಘವೆನಿಸಿತು. ಅದರ ಪತ್ರಿಕೆಯ ಸಂಪಾದಕತ್ವವನ್ನು ವಹಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಎಂ. ಟಿ. ನಾರಾಯಣ ಅಯ್ಯಂಗಾರರು. ಸಂಚಿಕೆಯ ಒಂದು ಭಾಗ ಪ್ರಶ್ನೆಗಳಿಗೂ ಓದುಗರು ಕಳುಹಿಸಿದ ಪರಿಹಾರಗಳಿಗೂ ಮೀಸಲು. ಬಹುಮಾನವಿಲ್ಲ, ಅಂಕಪಟ್ಟಿಯಿಲ್ಲ. ಪರಿಹರಿಸಿದವರ ಹೆಸರು ಅಚ್ಚಾಗುವುದೇ ಗೌರವ.

1911ರಲ್ಲಿ ಮದರಾಸಿನಿಂದ ಒಂದು ಪ್ರಶ್ನೆ ಬಂದಿತು. ಕಳುಹಿಸಿದವನು ಇಪ್ಪತ್ತನಾಲ್ಕರ ಆಸುಪಾಸಿನ, ಇನ್ನೂ ನೆಲೆಯಾದ ಉದ್ಯೋಗವಿಲ್ಲದ ತರುಣ ಎಸ್. ರಾಮಾನುಜನ್. ವರ್ಗಮೂಲದೊಳಗೊಂದು ವರ್ಗಮೂಲ, ಅದರೊಳಗೆ ಮತ್ತೊಂದು, ಹೀಗೆ ಕೊನೆಯೇ ಇಲ್ಲದೆ ಸಾಗುವ ಒಂದು ಮೊತ್ತದ ಬೆಲೆಯೆಷ್ಟು ಎಂಬುದು ಪ್ರಶ್ನೆ. ಮೂರು ಸಂಚಿಕೆಗಳು ಹೊರಬಂದರೂ ಒಬ್ಬರಿಂದಲೂ ಉತ್ತರ ಬರಲಿಲ್ಲ. ಕೊನೆಗೆ ತರುಣನೇ ಉತ್ತರವನ್ನು ಕೊಟ್ಟನು: 3. ನೋಡಲು ಇಷ್ಟು ಚಿಕ್ಕದಾದ ಅಂಕಿಯನ್ನು ಮುಟ್ಟಲು ಆಗಿನ ಗಣಿತಜ್ಞರ ಬಳಗಕ್ಕೆ ಆಗಲಿಲ್ಲವೆಂಬುದು ಸ್ವಾರಸ್ಯದ ಸಂಗತಿ. ಆದರೆ ಇಲ್ಲಿ ಗಮನಿಸಬೇಕಾದವರು ನಾರಾಯಣ ಅಯ್ಯಂಗಾರರು. ಅದೇ ವರ್ಷ ರಾಮಾನುಜನ್ನರ ಮೊದಲ ಪ್ರಬಂಧವೂ ಆ ಪತ್ರಿಕೆಯಲ್ಲಿಯೇ ಬಂದಿತು. ಸಾಮಾನ್ಯ ಓದುಗನಿಗೆ ದಾರಿ ಕಾಣದಷ್ಟು ಅಡಕವಾಗಿದ್ದ ಆ ಬರವಣಿಗೆ ಬೆಂಗಳೂರಿಗೂ ಮದರಾಸಿಗೂ ನಡುವೆ ಒಂದಕ್ಕಿಂತ ಹೆಚ್ಚು ಸಲ ಓಡಾಡಿ ತಿದ್ದುಪಡಿ ಹೊಂದಿತು. ರಾಮಾನುಜನ್ನರು ಆ ಪತ್ರಿಕೆಗೆ ಕಳುಹಿಸಿದ ಪ್ರಶ್ನೆಗಳು ಐವತ್ತನ್ನು ಮೀರಿವೆ. ಅವರನ್ನು ಕಂಡುಹಿಡಿದವರು ಯಾರೆಂಬ ಚರ್ಚೆಯಲ್ಲಿ ಕೇಂಬ್ರಿಜಿನ ಹೆಸರು ಮೊದಲು ಬರುತ್ತದೆ. ಬೆಂಗಳೂರಿನ ಈ ಅಧ್ಯಾಪಕರ ಹೆಸರು ಕನ್ನಡಿಗರ ಬಾಯಲ್ಲಿಯೂ ಅಪರೂಪ.

ರಾಮಾನುಜನ್ನರು ಇಂಗ್ಲೆಂಡಿಗೆ ಹೋದ ಮೇಲೆ ನಡೆದ ಇನ್ನೊಂದು ಪ್ರಸಂಗವು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದು. 1914ರ ಡಿಸೆಂಬರಿನ ‘ಸ್ಟ್ರಾಂಡ್’ ಮಾಸಪತ್ರಿಕೆಯಲ್ಲಿ, ಆ ಕಾಲದ ಹೆಸರಾಂತ ಒಗಟುಗಾರ ಹೆನ್ರಿ ಡ್ಯೂಡ್ನಿ ಒಂದು ಲೆಕ್ಕವನ್ನು ಒಡ್ಡಿದ್ದನು. ಒಂದು ಬೀದಿಯ ಒಂದೇ ಬದಿಯಲ್ಲಿ 1, 2, 3 ಎಂದು ಕ್ರಮವಾಗಿ ಸಂಖ್ಯೆಯುಳ್ಳ ಮನೆಗಳು. ಒಂದು ಮನೆಯ ಎಡಗಡೆಯ ಸಂಖ್ಯೆಗಳ ಮೊತ್ತವೂ ಬಲಗಡೆಯ ಸಂಖ್ಯೆಗಳ ಮೊತ್ತವೂ ಸಮ. ಮನೆಗಳು ಐವತ್ತಕ್ಕಿಂತ ಹೆಚ್ಚು, ಐನೂರಕ್ಕಿಂತ ಕಡಮೆ. ಆ ಮನೆ ಯಾವುದು? ಪ್ರಶಾಂತಚಂದ್ರ ಮಹಾಲನೋಬಿಸರು ಇದನ್ನು ಬಿಡಿಸಿ, 288 ಮನೆಗಳ ಬೀದಿಯಲ್ಲಿ 204ನೆಯದೆಂದು ಕಂಡುಕೊಂಡು, ಒಲೆಯ ಮುಂದೆ ಪಲ್ಯ ಕದಡುತ್ತಿದ್ದ ರಾಮಾನುಜನ್ನರಿಗೆ ಓದಿ ಹೇಳಿದರು. ರಾಮಾನುಜನ್ನರು ಕೂಡಲೆ ಹೇಳಿದ ಪರಿಹಾರ ಒಂದು ಅಂಕಿಯಾಗಿರಲಿಲ್ಲ; ಬೀದಿ ಎಷ್ಟೇ ಉದ್ದವಿರಲಿ, ಸಾಧ್ಯವಾದ ಎಲ್ಲ ಉತ್ತರಗಳನ್ನೂ ಒಂದೊಂದಾಗಿ ಹೊರಗೆಡಹುವ ವಿತತಭಿನ್ನರಾಶಿ. 8 ಮನೆಗಳಲ್ಲಿ 6ನೆಯದು, 49ರಲ್ಲಿ 35ನೆಯದು, 288ರಲ್ಲಿ 204ನೆಯದು, ಹೀಗೆ ಅನಂತವಾಗಿ.

ಐವತ್ತು, ಐನೂರು ಎಂಬ ಎಲ್ಲೆಗಳನ್ನು ಡ್ಯೂಡ್ನಿ ಹಾಕಿದ್ದೇಕೆ? ಆ ನಡುವೆ ಉತ್ತರ ಒಂದೇ ಇರುವುದರಿಂದ. ಓದುಗನಿಗೆ ತಾನು ಗೆದ್ದೆನೋ ಸೋತೆನೋ ಎಂಬುದು ನಿಸ್ಸಂಶಯವಾಗಿ ತಿಳಿಯಬೇಕು. ಮಹಾವೀರಾಚಾರ್ಯನ ಬಾಳೆಹಣ್ಣಿಗೆ ಇಲ್ಲದ ಬೇಲಿ ಇದು. ರಾಮಾನುಜನ್ನರು ಕಂಡೂ ಕಾಣದವರಂತೆ ದಾಟಿಬಿಟ್ಟ ಬೇಲಿಯೂ ಇದೇ. ಗಣಿತಜ್ಞನಿಗೆ ಬೇಲಿ ಬೇಡ. ಪಂದ್ಯಕ್ಕೆ ಅದಿಲ್ಲದೆ ನಡೆಯದು.

ಮುಂದಿನ ಕಥೆಯನ್ನು ಬೇಗ ಹೇಳಿಬಿಡಬಹುದು. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ರಚಿಸಿದ ಪದಬಂಧ ಬಂದಿತು. 1979ರಲ್ಲಿ ಅಮೆರಿಕದ ಡೆಲ್ ಸಂಸ್ಥೆಯ ಪತ್ರಿಕೆಯಲ್ಲಿ ಎಂಬತ್ತೊಂದು ಮನೆಗಳ ಅಂಕಿಯ ಚೌಕವೊಂದು ಬೆಳಕು ಕಂಡಿತು; ಅದನ್ನು ರಚಿಸಿದವನು ಹೋವರ್ಡ್ ಗಾರ್ನ್ಸ್ ಎಂಬ ವಾಸ್ತುಶಿಲ್ಪಿ. 1984ರಲ್ಲಿ ಜಪಾನಿನ ನಿಕೋಲಿ ಪತ್ರಿಕೆ ಅದನ್ನು ಎತ್ತಿಕೊಂಡಿತು. ಸುಡೊಕು ಎಂಬ ಹೆಸರು ಬಂದುದು ಅಲ್ಲಿ. 2004ರ ನವೆಂಬರಿನಲ್ಲಿ ಲಂಡನ್ನಿನ ‘ಟೈಮ್ಸ್’ ಅದನ್ನು ಅಚ್ಚುಮಾಡತೊಡಗಿದ ಮೇಲೆ ಅದು ಜಗತ್ತಿನ ದಿನಪತ್ರಿಕೆಗಳನ್ನೆಲ್ಲ ಹೊಕ್ಕಿತು. ನಿಕೋಲಿಯಲ್ಲಿ ಒಗಟು ಕಟ್ಟುತ್ತಿದ್ದವರಲ್ಲಿ ಬಹುಮಂದಿ ಆ ಪತ್ರಿಕೆಯ ಓದುಗರೇ. ಕೈಯಿಂದ ಕಟ್ಟಿದ ಚೌಕಕ್ಕೆ ಯಂತ್ರ ಉಗುಳಿದ ಚೌಕಕ್ಕಿಂತ ಬೇರೆಯದೇ ರುಚಿಯಿದೆಯೆಂದು ಅವರ ವಾದ. ನಾರಾಯಣ ಅಯ್ಯಂಗಾರರ ಬಳಗಕ್ಕೆ ಈ ಮಾತು ಅಪರಿಚಿತವೆನಿಸುತ್ತಿರಲಿಲ್ಲ.

ಬಿಡಿಸುವವರನ್ನು ದೇಶದೇಶಗಳಿಂದ ಒಂದೆಡೆ ಕೂಡಿಸುವ ಪ್ರಯತ್ನ ಕೈಗೂಡಿದ್ದು 1992ರಲ್ಲಿ. ಆ ವರ್ಷ ನ್ಯೂಯಾರ್ಕಿನಲ್ಲಿ, ಪದಬಂಧ ಸಂಪಾದಕ ವಿಲ್ ಷಾರ್ಟ್ಜರ ನೇತೃತ್ವದಲ್ಲಿ, ಮೊದಲನೆಯ ವಿಶ್ವ ಪಜಲ್ ಚಾಂಪಿಯನ್‌ಷಿಪ್ ನಡೆಯಿತು. 1999ರಲ್ಲಿ ವರ್ಲ್ಡ್ ಪಜಲ್ ಫೆಡರೇಷನ್ ಸ್ಥಾಪಿತವಾಯಿತು. ಸುಡೊಕುವಿಗೇ ಪ್ರತ್ಯೇಕವಾದ ವಿಶ್ವಸ್ಪರ್ಧೆ 2006ರಲ್ಲಿ ಇಟಲಿಯ ಲೂಕಾ ನಗರದಲ್ಲಿ ಮೊದಲಾಗಿ, 2008ರಲ್ಲಿ ಗೋವೆಗೆ ಬಂದಿತು. 2011ರಿಂದ ಎರಡನ್ನೂ ಒಟ್ಟಿಗೆ ನಡೆಸುವ ರೂಢಿ ಬೆಳೆಯಿತು.

ಈ ಪಂದ್ಯಗಳ ನಿಯಮಗಳಲ್ಲಿ ಎರಡು ವಿಶೇಷವಾದುವು. ಒಗಟಿಗೆ ಉತ್ತರ ಒಂದೇ ಇರಬೇಕು, ಮತ್ತು ಆ ಉತ್ತರಕ್ಕೆ ಊಹೆಯಿಂದಲ್ಲದೆ ತರ್ಕದಿಂದಲೇ ತಲುಪಲು ದಾರಿ ಇರಬೇಕು. ಎರಡನೆಯದು, ಒಗಟು ಯಾವುದೇ ಒಂದು ಭಾಷೆಯನ್ನಾಗಲಿ ಸಂಸ್ಕೃತಿಯನ್ನಾಗಲಿ ಬಲ್ಲವನಿಗೆ ಮೇಲುಗೈ ಕೊಡಬಾರದು. ಆಡುವ ಬಗೆಯ ವಿವರಣೆಯ ಕೈಪಿಡಿಯನ್ನು ಮೊದಲೇ ಹಂಚುತ್ತಾರೆ. ಸ್ಪರ್ಧೆಯ ಕೊಠಡಿಯಲ್ಲಿ ಉಳಿಯುವುದು ಚೌಕ, ಅಂಕಿ, ಗೆರೆ, ಗಡಿಯಾರ.

ಭಾರತದ ಪರವಾಗಿ ಒಕ್ಕೂಟದಲ್ಲಿರುವ ಸಂಸ್ಥೆ ಲಾಜಿಕ್ ಮಾಸ್ಟರ್ಸ್ ಇಂಡಿಯಾ. ದೇಶದ ತಂಡವನ್ನು ಆರಿಸುವ ಸ್ಪರ್ಧೆಗಳನ್ನು ನಡೆಸುವುದೂ ಅದೇ. 2017ರ ಅಕ್ಟೋಬರಿನಲ್ಲಿ ಹನ್ನೆರಡನೆಯ ವಿಶ್ವ ಸುಡೊಕು ಸ್ಪರ್ಧೆಯೂ ಇಪ್ಪತ್ತಾರನೆಯ ವಿಶ್ವ ಪಜಲ್ ಸ್ಪರ್ಧೆಯೂ ಈ ಸಂಸ್ಥೆಯ ಆತಿಥ್ಯದಲ್ಲಿ ಬೆಂಗಳೂರಿನಲ್ಲಿ ಜರುಗಿದುವು. ಇಂಥ ಕೂಟದ ಹಿಂದಿನ ದುಡಿಮೆ ನೋಡುವವರ ಕಣ್ಣಿಗೆ ಬೀಳುವಂಥದಲ್ಲ. ಒಂದೊಂದು ಸುತ್ತಿನ ಒಗಟುಗಳನ್ನು ಕಟ್ಟಬೇಕು. ನಂಬಿಗಸ್ತರಾದ ಕೆಲವರಿಂದ ಗುಟ್ಟಾಗಿ ಬಿಡಿಸಿ ನೋಡಿಸಬೇಕು. ಅವರಿಗೆ ಹಿಡಿದ ಕಾಲವನ್ನು ನೋಡಿ ಅಂಕ ಗೊತ್ತುಮಾಡಬೇಕು. ಎಲ್ಲಿಯಾದರೂ ಎರಡನೆಯ ಉತ್ತರವೊಂದು ನುಸುಳಿದೆಯೋ ಎಂದು ಮತ್ತೆಮತ್ತೆ ಪರೀಕ್ಷಿಸಬೇಕು. ಹಾಗೆ ಕಟ್ಟಿದವನೂ ಪರೀಕ್ಷಿಸಿದವನೂ ಆ ಒಗಟುಗಳಲ್ಲಿ ಸ್ಪರ್ಧಿಸುವಂತಿಲ್ಲ. ಆದಕಾರಣ ಆತಿಥೇಯ ದೇಶವು ತನ್ನ ಚುರುಕು ಬುದ್ಧಿಯವರಲ್ಲಿ ಕೆಲವರನ್ನಾದರೂ ಪಂದ್ಯದಿಂದ ಹೊರಗಿರಿಸಿ ಪಂದ್ಯವನ್ನು ನಡೆಸಬೇಕಾಗುತ್ತದೆ. ಪದಕದ ಪಟ್ಟಿಯಲ್ಲಿ ಈ ತ್ಯಾಗಕ್ಕೆ ಕಂಬಸಾಲಿಲ್ಲ.

ಭಾಷೆಯಿಲ್ಲದ ಈ ಆಟ ಹೊರನಾಡಿನ ಕನ್ನಡಿಗನಿಗೆ ಒಂದು ಬಗೆಯಲ್ಲಿ ಬಹಳ ಅನುಕೂಲವಾದುದು. ಟಿ. ನಗರದ ಮನೆಯೊಂದರಲ್ಲಿ ಮುಂಜಾನೆಯ ಕಾಫಿಯೊಡನೆ ಸುಡೊಕು ಬಿಡಿಸುವ ಹಿರಿಯರಿಗೆ ತಮಿಳು ಅಕ್ಷರ ಬರುತ್ತದೆಯೆ, ಮೊಮ್ಮಕ್ಕಳಿಗೆ ಕನ್ನಡ ಅಕ್ಷರ ಬರುತ್ತದೆಯೆ ಎಂಬ ಪ್ರಶ್ನೆಗಳು ಆ ಚೌಕದ ಮುಂದೆ ಏಳುವುದೇ ಇಲ್ಲ. ಅಜ್ಜನೂ ಮೊಮ್ಮಗಳೂ ಸರಿಸಮಾನರು. ಕನ್ನಡ ಪತ್ರಿಕೆಯ ಪದಬಂಧದ ಮುಂದೆ ಹಾಗಲ್ಲ. ಅಲ್ಲಿ ಒಂದು ಮನೆಗೆ ಒಂದು ಅಕ್ಷರವೆಂದರೆ ಗುಣಿತ, ಒತ್ತುಗಳೆಲ್ಲ ಸೇರಿದ ಇಡಿಯ ಅಕ್ಷರ. ‘ಸ್ತ್ರೀ’ ಎಂಬುದಕ್ಕೆ ಒಂದೇ ಮನೆ ಸಾಕು. ಆ ಮನೆಯ ಮೂಲಕ ಅಡ್ಡ ಹಾಯುವ ಪದಕ್ಕೂ ಅದೇ ‘ಸ್ತ್ರೀ’ ಬೇಕಾಗುವುದರಿಂದ ಕಟ್ಟುವವನ ಕಷ್ಟ ಇಂಗ್ಲಿಷ್ ಪದಬಂಧದವನ ಕಷ್ಟಕ್ಕಿಂತ ಬೇರೆಯದೇ ಜಾತಿಯದು. ಇಂಥ ಕೌಶಲಕ್ಕೆ ವಿಶ್ವಸ್ಪರ್ಧೆಯಲ್ಲಿ ಸ್ಥಳವಿಲ್ಲ. ನಿಯಮವೇ ಅದನ್ನು ಬಾಗಿಲಲ್ಲಿ ತಡೆಯುತ್ತದೆ. ಈ ತಡೆಯನ್ನು ಅನ್ಯಾಯವೆಂದು ದೂರುವುದೂ ಸರಿಯಲ್ಲ. ಕನ್ನಡಕ್ಕೆ ತೆರೆಯದ ಬಾಗಿಲು ಇಂಗ್ಲಿಷಿಗೂ ತೆರೆಯುವುದಿಲ್ಲ.

ಅದೇ ಬೆಂಗಳೂರಿನಲ್ಲಿ, ಅದಕ್ಕೆ ಐದು ವರ್ಷ ಹಿಂದೆ, 2012ರ ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲವರೆಗೆ, ಆರ್. ಗಣೇಶರು ಪೂರ್ತಿ ಕನ್ನಡದಲ್ಲಿಯೇ ಶತಾವಧಾನವನ್ನು ನಡೆಸಿದ್ದರು. ಅವಧಾನದಲ್ಲಿ ಬಿಡಿಸುವವನು ಒಬ್ಬ, ಒಡ್ಡುವವರು ಅನೇಕರು. ಸಮಸ್ಯೆಯ ಸಾಲನ್ನು ಪದ್ಯವಾಗಿ ಪೂರ್ಣಮಾಡುವ ಉತ್ತರಗಳು ಎಷ್ಟು ಬೇಕಾದರೂ ಇರಬಹುದು. ಸಭೆ ಮೆಚ್ಚುವುದು ಅವುಗಳಲ್ಲಿ ಚೆಲುವಾದುದನ್ನು. ಅವಧಾನದ ಅಂಗಗಳಲ್ಲಿ ಸಂಖ್ಯಾಬಂಧವೆಂಬುದೂ ಒಂದಿದೆ: ಪೃಚ್ಛಕನು ಒಂದು ಮೊತ್ತವನ್ನು ಹೇಳಿ, ನಡುನಡುವೆ ಅಡ್ಡಬಂದು ಚೌಕದ ಯಾವುದೋ ಒಂದು ಮನೆಯ ಅಂಕಿಯನ್ನು ಕೇಳುತ್ತಾನೆ, ಅವಧಾನಿಯು ಕಾಗದವಿಲ್ಲದೆ, ಪದ್ಯ ಕಟ್ಟುತ್ತಲೇ, ಆ ಅಂಕಿಯನ್ನು ಹೇಳುತ್ತಾನೆ. ಕೊನೆಗೆ ಎಲ್ಲ ಸಾಲುಗಳೂ ಮೊದಲು ಹೇಳಿದ ಮೊತ್ತಕ್ಕೆ ಸರಿಹೊಂದುತ್ತವೆ.