ಮೊದಲ ವರ್ಷದ ಟೈಮ್‌ಟೇಬಲ್ ಮತ್ತು ಬಾಲ್ಟಿಮೋರಿನ ಹೆಂಗಸರ ದುಡ್ಡು

ಅಮೆರಿಕದಲ್ಲಿ ಡಾಕ್ಟರಾಗಬೇಕು ಎಂದುಕೊಂಡ ಹುಡುಗಿ ಹನ್ನೆರಡನೇ ತರಗತಿ ಮುಗಿಸಿ ನೇರವಾಗಿ ಮೆಡಿಕಲ್ ಕಾಲೇಜು ಸೇರುವುದಿಲ್ಲ. ಮೊದಲು ನಾಲ್ಕು ವರ್ಷದ ಪದವಿ. ಸಾಮಾನ್ಯವಾಗಿ ಮೂರನೇ ವರ್ಷದ ಹೊತ್ತಿಗೆ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ. ಆಮೇಲೆ ಮೆಡಿಕಲ್ ಸ್ಕೂಲಿಗೆ ಅರ್ಜಿ. ಪದವಿ ಯಾವ ವಿಷಯದಲ್ಲಾದರೂ ಇರಬಹುದು, ಇತಿಹಾಸವಾದರೂ ಸರಿ, ಸಂಗೀತವಾದರೂ ಸರಿ. ಆದರೆ ಬಹುತೇಕ ಮೆಡಿಕಲ್ ಸ್ಕೂಲುಗಳು ಕೇಳುವ ಪಟ್ಟಿಯೊಂದಿದೆ: ಜೀವಶಾಸ್ತ್ರ ಒಂದು ವರ್ಷ, ಸಾಮಾನ್ಯ ರಸಾಯನಶಾಸ್ತ್ರ ಒಂದು ವರ್ಷ, ಅದರ ಮೇಲೆ ಆರ್ಗಾನಿಕ್ ಕೆಮಿಸ್ಟ್ರಿ, ಭೌತಶಾಸ್ತ್ರ ಒಂದು ವರ್ಷ, ಇವಕ್ಕೆಲ್ಲ ಲ್ಯಾಬು; ಜೊತೆಗೆ ಇಂಗ್ಲಿಷ್ ಬರವಣಿಗೆ, ಸ್ವಲ್ಪ ಗಣಿತ ಅಥವಾ ಸಂಖ್ಯಾಶಾಸ್ತ್ರ, ಈಚೆಗೆ ಬಯೋಕೆಮಿಸ್ಟ್ರಿ. ಇದರಲ್ಲಿ ಮೊದಲ ವರ್ಷ ಯಾವುದನ್ನು ತೆಗೆದುಕೊಳ್ಳಬೇಕು ಎನ್ನುವುದೇ ತಲೆನೋವು.

ನಮ್ಮಕ್ಕನ ಮಗಳು ಅಲ್ಲಿನ ಒಂದು ವಿಶ್ವವಿದ್ಯಾಲಯ ಸೇರಿದಾಗ ಈ ತಲೆನೋವು ಪುಣೆಯಲ್ಲಿರುವ ನನ್ನ ತನಕ ಬಂತು. ಭಾವನವರು ಶಿವಮೊಗ್ಗದಲ್ಲಿ ಪಿಸಿಎಂಬಿ ಓದಿ ಇಂಜಿನಿಯರ್ ಆದವರು. ಮೊದಲ ಸೆಮಿಸ್ಟರಿನಲ್ಲೇ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಕ್ಯಾಲ್ಕುಲಸ್ ನಾಲ್ಕನ್ನೂ ತುಂಬಿಸಿ ಎಕ್ಸೆಲ್ ಶೀಟ್ ಮಾಡಿಟ್ಟಿದ್ದರು. ಹುಡುಗಿಗೆ ಸೋಶಿಯಾಲಜಿ ಬೇಕಿತ್ತು. "ಡಾಕ್ಟರಿಗೆ ಸೋಶಿಯಾಲಜಿ ಎಂಥದ್ದಕ್ಕೆ?" ಎಂದು ಅವರು. "ಚಿಕ್ಕಮ್ಮಾ, ನೀವೇ ಹೇಳಿ ಅಪ್ಪನಿಗೆ" ಎಂದು ಅವಳು. ನಾನು ಎಂಟೆಕ್ ಮಾಡಿದವಳು, ಕಪ್ಪೆ ಕೊಯ್ದವಳಲ್ಲ. ಆದರೆ ಒಂದು ಸಿಸ್ಟಮ್ ಹೀಗೇಕಿದೆ ಎಂದು ತಿಳಿಯಬೇಕಾದರೆ ಅದನ್ನು ಮೊದಲು ಬರೆದವರು ಯಾರು ಎಂದು ಹುಡುಕುವುದು ನಮ್ಮ ಕೆಲಸದ ಅಭ್ಯಾಸ. ಹಾಗೆ ಹುಡುಕುತ್ತಾ ಹೋದಾಗ ಸಿಕ್ಕ ಕಥೆಯನ್ನು ನಮ್ಮ ಮಹಿಳಾ ವೇದಿಕೆಯ ಗೆಳತಿಯರಿಗೆ ಹೇಳಲೇಬೇಕು ಅನ್ನಿಸಿತು.

ಮೊದಲು ನಮ್ಮ ಊರಿಗೆ ಹತ್ತಿರದವರಿಂದಲೇ ಶುರುಮಾಡುತ್ತೇನೆ. ಕಲ್ಯಾಣದ ಆನಂದಿಬಾಯಿ ಜೋಶಿ 1883ರಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜು ಸೇರಿದಾಗ ಅವರಿಗೆ 18 ವರ್ಷ. ಒಂಬತ್ತನೇ ವಯಸ್ಸಿಗೆ ಮದುವೆ, ಹದಿನಾಲ್ಕಕ್ಕೆ ಹುಟ್ಟಿದ ಮಗು ಹತ್ತೇ ದಿನಕ್ಕೆ ಹೋಯಿತು. ಅವರ ಕೈಯಲ್ಲಿ ಯಾವ ಪದವಿಯೂ ಇರಲಿಲ್ಲ, ಲ್ಯಾಬಿನ ಸರ್ಟಿಫಿಕೇಟೂ ಇರಲಿಲ್ಲ. ಆಗ ಅದು ಅಡ್ಡಿಯಾಗಲಿಲ್ಲ. ರಸಾಯನಶಾಸ್ತ್ರವನ್ನು ವೈದ್ಯಕೀಯ ಕಾಲೇಜಿನ ಒಳಗೇ ಕಲಿಸುತ್ತಿದ್ದರು. ಆ ಕಾಲೇಜಿನ ಡೀನ್ ರೇಚಲ್ ಬಾಡ್ಲಿ ಸ್ವತಃ ರಸಾಯನಶಾಸ್ತ್ರದ ಪ್ರೊಫೆಸರ್. ಆನಂದಿಬಾಯಿ 1886ರ ಮಾರ್ಚಿನಲ್ಲಿ ಎಂ.ಡಿ. ಪದವಿ ಪಡೆದರು, ಮರುವರ್ಷ ಫೆಬ್ರವರಿಯಲ್ಲಿ ಇದೇ ಪುಣೆಯಲ್ಲಿ ತೀರಿಕೊಂಡರು. ಇಂದಿನ ಪಟ್ಟಿ ಅಂದು ಇದ್ದಿದ್ದರೆ ಅವರು ಬಾಗಿಲೊಳಗೆ ಕಾಲಿಡುವಂತಿರಲಿಲ್ಲ.

ಆ ಪಟ್ಟಿಗೆ ಗಟ್ಟಿ ರೂಪ ಬಂದದ್ದು ಬಾಲ್ಟಿಮೋರಿನಲ್ಲಿ. ಜಾನ್ಸ್ ಹಾಪ್ಕಿನ್ಸ್ ಎಂಬ ವ್ಯಾಪಾರಿ 1873ರಲ್ಲಿ ತೀರಿಕೊಂಡಾಗ ವಿಶ್ವವಿದ್ಯಾಲಯಕ್ಕೂ ಆಸ್ಪತ್ರೆಗೂ ಸೇರಿ 70 ಲಕ್ಷ ಡಾಲರ್ ಬಿಟ್ಟುಹೋದರು. ವಿಶ್ವವಿದ್ಯಾಲಯ 1876ರಲ್ಲಿ, ಆಸ್ಪತ್ರೆ 1889ರಲ್ಲಿ ತೆರೆಯಿತು. ಮೆಡಿಕಲ್ ಸ್ಕೂಲು ಮಾತ್ರ ನಿಂತೇಹೋಯಿತು. ವಿಶ್ವವಿದ್ಯಾಲಯದ ಹಣವೆಲ್ಲ ಬಾಲ್ಟಿಮೋರ್ ಅಂಡ್ ಒಹಾಯೊ ರೈಲ್ವೆಯ ಷೇರಿನಲ್ಲಿತ್ತು, ಆ ಕಂಪನಿ ಡಿವಿಡೆಂಡ್ ಕೊಡುವುದನ್ನು ನಿಲ್ಲಿಸಿತ್ತು.

ಆಗ ಮುಂದೆ ಬಂದವರು ಟ್ರಸ್ಟಿಗಳ ಮನೆಯ ಹೆಣ್ಣುಮಕ್ಕಳು. ಮೇರಿ ಗ್ಯಾರೆಟ್, ಕೇರಿ ಥಾಮಸ್, ಮೇಮಿ ಗ್ವಿನ್, ಎಲಿಜಬೆತ್ ಕಿಂಗ್, ಇವರ ಜೊತೆಗೆ ಗೆಳತಿ ಜೂಲಿಯಾ ರಾಜರ್ಸ್. ಊರೂರಲ್ಲಿ ಹೆಂಗಸರ ಸಮಿತಿ ಮಾಡಿ ದುಡ್ಡು ಕೂಡಿಸಿದರು. 1890ರಲ್ಲಿ ಒಂದು ಲಕ್ಷ ಡಾಲರ್ ತಂದಿಟ್ಟು, ಗಂಡಸರಿಗಿರುವ ಷರತ್ತಿನಲ್ಲೇ ಹೆಂಗಸರನ್ನೂ ಸೇರಿಸಿಕೊಂಡರೆ ಇದು ನಿಮ್ಮದು ಎಂದರು. ಟ್ರಸ್ಟಿಗಳು ಒಪ್ಪಿದರು, ಆದರೆ ಶಾಲೆ ತೆರೆಯಲು ಐದು ಲಕ್ಷ ಬೇಕು ಎಂದು ಪಟ್ಟುಹಿಡಿದರು. ಅದಾಗುವ ಮಾತಲ್ಲ ಎಂದು ಕೆಲವರು ಒಳಗೊಳಗೇ ನೆಮ್ಮದಿಯಾಗಿದ್ದಿರಬೇಕು, ಇದು ನನ್ನ ಊಹೆ. 1892ರ ಡಿಸೆಂಬರಿನಲ್ಲಿ ಮೇರಿ ಗ್ಯಾರೆಟ್ ಬಾಕಿ ಉಳಿದಿದ್ದ 3,06,977 ಡಾಲರನ್ನು ತಾವೊಬ್ಬರೇ ಕೊಡುತ್ತೇನೆಂದರು. ರೈಲ್ವೆ ಅಧ್ಯಕ್ಷರ ಮಗಳು, ಮದುವೆಯಾಗದವರು, ತಂದೆಯ ಆಸ್ತಿ ಬಂದಿತ್ತು.

ಅವರ ಷರತ್ತು ಹೆಂಗಸರಿಗೆ ಪ್ರವೇಶ ಎನ್ನುವಷ್ಟಕ್ಕೇ ನಿಲ್ಲಲಿಲ್ಲ. ಸೇರುವವರೆಲ್ಲರಿಗೂ ಪದವಿ ಇರಬೇಕು, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು, ಫ್ರೆಂಚ್ ಮತ್ತು ಜರ್ಮನ್ ಬರಬೇಕು. ತಮಾಷೆಯೆಂದರೆ ಈ ಮಟ್ಟವನ್ನು ಮೊದಲು ಕಾಗದದ ಮೇಲೆ ಬರೆದದ್ದು ಪ್ರೊಫೆಸರ್ ವಿಲಿಯಂ ವೆಲ್ಚ್. ಅದನ್ನೇ ಗ್ಯಾರೆಟ್ ಹಿಡಿದು ಕೂತಾಗ ಇಷ್ಟು ಓದಿದ ಮಕ್ಕಳು ಸಿಗುತ್ತಾರೆಯೇ ಎಂದು ಗಾಬರಿಯಾದವರೂ ಅವರೇ. ನಾವು ಪ್ರೊಫೆಸರುಗಳಾಗಿ ಒಳಗೆ ಬಂದದ್ದೇ ಪುಣ್ಯ, ವಿದ್ಯಾರ್ಥಿಗಳಾಗಿ ನಮಗೆ ಸೀಟು ಸಿಗುತ್ತಿರಲಿಲ್ಲ ಎಂದು ವಿಲಿಯಂ ಆಸ್ಲರ್ ಅವರಲ್ಲಿ ನಗೆಯಾಡಿದ್ದುಂಟು. ಗ್ಯಾರೆಟ್ ಬಗ್ಗಲಿಲ್ಲ. 1893ರ ಅಕ್ಟೋಬರಿನಲ್ಲಿ 18 ಜನರ ಮೊದಲ ತರಗತಿ ಕೂತಿತು, ಅದರಲ್ಲಿ ಮೂವರು ಹೆಂಗಸರು.

ಹೆಂಗಸರಿಗೆ ದಾರಿ ಬಿಡಿಸಲು ಬಂದವರು ಬಾಗಿಲನ್ನು ಇಷ್ಟು ಎತ್ತರಕ್ಕೆ ಏಕೆ ಏರಿಸಿದರು? ನನಗೆ ತೋಚುವುದು ಇಷ್ಟು. ಮಟ್ಟ ಇಳಿಸಿ ಹುಡುಗಿಯರನ್ನು ತುಂಬಿಕೊಂಡರು ಎನ್ನುವ ಮಾತಿಗೆ ಜಾಗವೇ ಇರಬಾರದಿತ್ತು. ಐಟಿಯಲ್ಲಿ ಕೆಲಸ ಮಾಡುವ ನಮಗೆ ಆ ಮಾತು ಹೊಸದೇನಲ್ಲ. ಕೇರಿ ಥಾಮಸ್ ಆಗ ಬ್ರಿನ್ ಮಾರ್ ಮಹಿಳಾ ಕಾಲೇಜಿನ ಡೀನ್. ಹುಡುಗಿಯರು ಆ ಎತ್ತರ ಹತ್ತಬಲ್ಲರು ಎಂದು ಕಣ್ಣಾರೆ ಕಂಡವರು. ಅವರ ಲೆಕ್ಕ ತಪ್ಪಲಿಲ್ಲ. ಅಲ್ಲಿ 1900ರಲ್ಲಿ ಪದವಿ ಪಡೆದ ಫ್ಲಾರೆನ್ಸ್ ಸೇಬಿನ್ 1917ರಲ್ಲಿ ಅದೇ ಶಾಲೆಯ ಮೊದಲ ಮಹಿಳಾ ಪೂರ್ಣ ಪ್ರೊಫೆಸರ್ ಆದರು. ಅವರ ಸಹಪಾಠಿ ಡೊರೋಥಿ ರೀಡ್ ಹಾಜ್‌ಕಿನ್ ಕಾಯಿಲೆಯ ಜೀವಕೋಶವನ್ನು ವಿವರಿಸಿದರು. ಇಂದಿಗೂ ಅದಕ್ಕೆ ಅವರ ಹೆಸರಿದೆ.

ಆದರೆ ಈ ಏಣಿಯನ್ನು ದೇಶಕ್ಕೆಲ್ಲ ಹಾಕಿದಾಗ ಇನ್ನೊಂದು ಮುಖ ಕಂಡಿತು. ಏಬ್ರಹಾಂ ಫ್ಲೆಕ್ಸ್‌ನರ್, ಸ್ವತಃ ಡಾಕ್ಟರಲ್ಲ, ಶಾಲೆ ನಡೆಸಿದ್ದ ಮೇಷ್ಟ್ರು, ಹಾಪ್ಕಿನ್ಸಿನ ಪದವೀಧರ, ಅಮೆರಿಕ ಮತ್ತು ಕೆನಡಾದ 155 ಮೆಡಿಕಲ್ ಸ್ಕೂಲುಗಳನ್ನು ಸುತ್ತಿ 1910ರಲ್ಲಿ ವರದಿ ಬರೆದರು. ಹಾಪ್ಕಿನ್ಸೇ ಅವರಿಗೆ ಅಳತೆಗೋಲು. ಮೆಡಿಕಲ್ ಸೇರುವ ಮೊದಲು ಕನಿಷ್ಠ ಎರಡು ವರ್ಷ ಕಾಲೇಜು, ಅದರಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಇರಬೇಕೆಂದರು. ದುಡ್ಡಿಗೆ ಡಿಗ್ರಿ ಮಾರುತ್ತಿದ್ದ ಅಂಗಡಿಗಳು ಮುಚ್ಚಿದವು, ಒಳ್ಳೆಯದೇ ಆಯಿತು. ಜೊತೆಗೆ ಕಪ್ಪುಜನರಿಗಾಗಿ ಇದ್ದ ಏಳು ಶಾಲೆಗಳಲ್ಲಿ ಐದು ಹೋದವು. ಹೋವರ್ಡ್, ಮೆಹಾರಿ ಎರಡೇ ಉಳಿದವು. ಮಹಿಳಾ ಕಾಲೇಜುಗಳಲ್ಲಿ ಕೊನೆಗೆ ಉಳಿದದ್ದು ಆನಂದಿಬಾಯಿ ಓದಿದ್ದೊಂದೇ. ಗಂಡುಮಕ್ಕಳ ಜೊತೆ ಕೂರಿಸಿಕೊಳ್ಳುತ್ತೇವೆ ಎಂದ ಕಡೆಯೆಲ್ಲ ಹೆಣ್ಣುಮಕ್ಕಳಿಗೆ ಬೆರಳೆಣಿಕೆಯ ಸೀಟು. ಶಿಕ್ಷಣದಲ್ಲಿ ಲಿಂಗಭೇದ ನಿಷೇಧಿಸುವ ಟೈಟಲ್ ನೈನ್ ಕಾನೂನು ಬಂದದ್ದು 1972ರಲ್ಲಿ. ಅಲ್ಲಿನ ಮೆಡಿಕಲ್ ವಿದ್ಯಾರ್ಥಿಗಳಲ್ಲಿ ಹೆಂಗಸರು ಅರ್ಧ ದಾಟಿದ್ದು 2019ರಲ್ಲಿ. ಗ್ಯಾರೆಟ್ ಚೆಕ್ಕಿನಿಂದ ಲೆಕ್ಕ ಹಾಕಿದರೆ 127 ವರ್ಷ.

ಪ್ರವೇಶ ಪರೀಕ್ಷೆ ಬಂದದ್ದು ಈ ಪಟ್ಟಿಯ ಬೆನ್ನಿಗೆ. 1920ರ ದಶಕದಲ್ಲಿ ಕೆಲವು ಕಡೆ ಸೇರಿದವರಲ್ಲಿ ಅರ್ಧದಷ್ಟು ಜನ ಓದು ಬಿಟ್ಟುಹೋಗುತ್ತಿದ್ದರು. ಯಾರು ನಿಲ್ಲುತ್ತಾರೆ ಎಂದು ಮೊದಲೇ ತಿಳಿಯಲು 1928ರಲ್ಲಿ ಮಾಸ್ ಎಂಬ ಮನಶ್ಶಾಸ್ತ್ರಜ್ಞರ ಪರೀಕ್ಷೆ ಶುರುವಾಯಿತು. ಎಂಕ್ಯಾಟಿನ ಮೂಲ ಅದೇ. ಇಂದು ಅದು ನಾಲ್ಕು ಭಾಗ, 230 ಪ್ರಶ್ನೆ, ಮಧ್ಯದ ವಿರಾಮ ಸೇರಿ ಏಳೂವರೆ ಗಂಟೆ. ಭಾವನವರಿಗೆ ನಾನು ತೋರಿಸಿದ್ದು ಇಲ್ಲಿನ ಒಂದು ಸಂಗತಿಯನ್ನು: 2015ರಿಂದ ಆ ನಾಲ್ಕರಲ್ಲಿ ಒಂದು ಇಡೀ ಭಾಗ ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರದ್ದು. ಇನ್ನೊಂದು ಭಾಗದಲ್ಲಿ ವಿಜ್ಞಾನವೇ ಇಲ್ಲ, ಸಾಹಿತ್ಯ, ತತ್ವಶಾಸ್ತ್ರ, ಸಮಾಜದ ಬಗೆಗಿನ ಬರಹ ಓದಿ ಉತ್ತರಿಸಬೇಕು. ನ್ಯೂಯಾರ್ಕಿನ ಮೌಂಟ್ ಸಿನಾಯ್ ಮೆಡಿಕಲ್ ಸ್ಕೂಲಂತೂ 1987ರಿಂದಲೇ ಸಾಹಿತ್ಯ, ಇತಿಹಾಸ ಓದುತ್ತಿದ್ದ ಕೆಲವರನ್ನು ಆರ್ಗಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಎಂಕ್ಯಾಟ್ ಮೂರೂ ಇಲ್ಲದೆ ಸೇರಿಸಿಕೊಂಡಿತು. ಅವರೂ ಉಳಿದವರಿಗೆ ಸರಿಸಮವಾಗಿ ಓದಿದರೆಂದು 2010ರಲ್ಲಿ ಅಲ್ಲಿನವರೇ ಪ್ರಕಟಿಸಿದರು.

ಇನ್ನು ಮೊದಲ ವರ್ಷದ ಮಾತು. ನಮ್ಮ ಹುಡುಗಿ ಸಾಮಾನ್ಯ ರಸಾಯನಶಾಸ್ತ್ರ, ಜೀವಶಾಸ್ತ್ರ, ಬರವಣಿಗೆ, ಸೋಶಿಯಾಲಜಿ ಎಂದು ಬರೆದಳು. ಎರಡನೇ ಸೆಮಿಸ್ಟರಿಗೆ ಸೋಶಿಯಾಲಜಿ ಜಾಗದಲ್ಲಿ ಸಂಖ್ಯಾಶಾಸ್ತ್ರ. ರಸಾಯನಶಾಸ್ತ್ರವನ್ನು ಮುಂದೂಡುವಂತಿಲ್ಲ, ಏಕೆಂದರೆ ಅದೊಂದು ಸರಪಳಿ. ಸಾಮಾನ್ಯದ್ದು ಆಗದೆ ಆರ್ಗಾನಿಕ್ ಇಲ್ಲ, ಆರ್ಗಾನಿಕ್ ಆಗದೆ ಬಯೋಕೆಮಿಸ್ಟ್ರಿ ಇಲ್ಲ, ಅದಿಲ್ಲದೆ ಎಂಕ್ಯಾಟಿಗೆ ಕೂರುವುದು ಕಷ್ಟ. ಫಿಸಿಕ್ಸ್ ಎರಡನೇ ಅಥವಾ ಮೂರನೇ ವರ್ಷಕ್ಕೆ ಕಾಯಬಹುದು. ಮೂರು ಲ್ಯಾಬನ್ನು ಒಟ್ಟಿಗೆ ಹೊತ್ತು ಮೊದಲ ಸೆಮಿಸ್ಟರಿನಲ್ಲೇ ಗ್ರೇಡ್ ಕೆಟ್ಟರೆ ಅದು ಅಳಿಸಿಹೋಗುವುದಿಲ್ಲ. ಮತ್ತೆ ಓದಿ ಪಾಸು ಮಾಡಿದರೂ ಮೆಡಿಕಲ್ ಸ್ಕೂಲುಗಳ ಸಾಮಾನ್ಯ ಅರ್ಜಿಯಲ್ಲಿ ಎರಡೂ ಲೆಕ್ಕಕ್ಕೆ ಬರುತ್ತವೆ. ಭಾವನವರು ಒಪ್ಪಿದ್ದು ಗ್ಯಾರೆಟ್ ಕಥೆಗಲ್ಲ, ಈ ಕಾರಣಕ್ಕೆ.

ನಮ್ಮಲ್ಲಿ ಈ ಲೆಕ್ಕವೆಲ್ಲ ಮಗುವಿನ ಹದಿನಾರನೇ ವಯಸ್ಸಿಗೇ ಮುಗಿದುಹೋಗುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರದಲ್ಲಿ ಪಿಸಿಎಂಬಿಯೋ ಪಿಸಿಎಂಸಿಯೋ ಎಂದು ಕೇಳುತ್ತಾರೆ. ಎರಡೂ ಬಾಗಿಲು ತೆರೆದಿರಲಿ ಎಂದು ಹೆದರುವ ಅಪ್ಪ ಅಮ್ಮಂದಿರು ಪಿಸಿಎಂಬಿ ಎನ್ನುತ್ತಾರೆ, ಮಗು ಎರಡರ ಭಾರವನ್ನೂ ಹೊರುತ್ತದೆ. ನೀಟ್ ಪರೀಕ್ಷೆಯ 720 ಅಂಕಗಳಲ್ಲಿ 360 ಜೀವಶಾಸ್ತ್ರಕ್ಕೇ. ಸಮಾಜಶಾಸ್ತ್ರಕ್ಕೆ ಸೊನ್ನೆ. ನಮ್ಮ ಸಂಘದ ಮನೆಗಳಲ್ಲೂ ಜೀವಶಾಸ್ತ್ರ ಬಿಟ್ಟು ಆಮೇಲೆ ಕೈಕೈ ಹಿಸುಕಿಕೊಂಡ ಹುಡುಗಿಯರಿದ್ದಾರೆ. ಅವರಿಗೆ ತಿಳಿದಿರಲಿ ಎಂದು ಹೇಳುತ್ತೇನೆ: 2023ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಈ ನಿಯಮ ಸಡಿಲಿಸಿತು. ಹನ್ನೆರಡನೇ ತರಗತಿ ಮುಗಿದ ಮೇಲೂ ಮಾನ್ಯತೆ ಪಡೆದ ಬೋರ್ಡಿನಿಂದ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಓದಿ ಪಾಸಾದರೆ ನೀಟ್ ಬರೆಯಬಹುದು.