ಚಪ್ಪಾಳೆ, ಕೂಗಾಟ, ಒಂದು ಟೈ

2003ರ ಮಾರ್ಚ್ 23. ಲಾಸ್ ಏಂಜಲೀಸ್‌ನ ಕೊಡಾಕ್ ಥಿಯೇಟರ್‌ನಲ್ಲಿ ಆಸ್ಕರ್ ಸಮಾರಂಭ. ಅಮೆರಿಕ ಇರಾಕ್ ಮೇಲೆ ಬಾಂಬ್ ಹಾಕೋಕೆ ಶುರು ಮಾಡಿ ಇನ್ನೂ ಒಂದು ವಾರ ಕೂಡ ಆಗಿರಲಿಲ್ಲ. ಅತ್ಯುತ್ತಮ ಡಾಕ್ಯುಮೆಂಟರಿ ಪ್ರಶಸ್ತಿ 'ಬೌಲಿಂಗ್ ಫಾರ್ ಕೊಲಂಬೈನ್' ಚಿತ್ರಕ್ಕೆ ಅಂತ ಘೋಷಿಸಿದ ಕೂಡಲೇ ಹಾಲ್‌ನಲ್ಲಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಿರ್ದೇಶಕ ಮೈಕೆಲ್ ಮೂರ್, ಸ್ಪರ್ಧೆಯಲ್ಲಿದ್ದ ಉಳಿದ ನಿರ್ದೇಶಕರನ್ನೂ ಜೊತೆಗೆ ವೇದಿಕೆಗೆ ಕರ್ಕೊಂಡು ಹೋದ. ಸುಳ್ಳು ಕಾರಣ ಕೊಟ್ಟು ನಮ್ಮನ್ನು ಯುದ್ಧಕ್ಕೆ ಕಳಿಸುತ್ತಿದ್ದಾರೆ, ಬುಷ್ ಅವರೇ ನಿಮಗೆ ನಾಚಿಕೆಯಾಗಬೇಕು ಅಂತ ಅಲ್ಲಿಂದಲೇ ಹೇಳಿದ. ಸ್ವಲ್ಪ ಹೊತ್ತಿನ ಹಿಂದೆ ಎದ್ದು ನಿಂತಿದ್ದ ಅದೇ ಹಾಲ್‌ನಲ್ಲಿ ಈಗ ಒಂದಷ್ಟು ಜನರ ಚಪ್ಪಾಳೆ, ಒಂದಷ್ಟು ಜನರ ಕೂಗಾಟ. ಕೊನೆಗೆ ಸಂಗೀತ ನುಡಿಸಿ ಆತನನ್ನು ಕೆಳಗಿಳಿಸಿದರು.

ಆ ರಾತ್ರಿಯ ಗಲಾಟೆ ಯುದ್ಧದ ವಿಷಯಕ್ಕೆ ಆಗಿದ್ದು ನಿಜ. ಆದರೆ ಈ ಚಿತ್ರದ ಹಣೆಬರಹವೇ ಹಂಗೆ. ಬಂದೂಕಿನ ಹಿಂಸೆ ಬಗ್ಗೆ ಮಾಡಿದ ಡಾಕ್ಯುಮೆಂಟರಿ ಇದು. ಅದನ್ನು ನೋಡಿದವರು ಬಂದೂಕಿನ ಬಗ್ಗೆ ಜಗಳ ಆಡಿದ್ದಕ್ಕಿಂತ ಚಿತ್ರದ ಬಗ್ಗೆ ಜಗಳ ಆಡಿದ್ದೇ ಹೆಚ್ಚು. ಯಾಕೆ ಹೀಗಾಯಿತು ಅನ್ನೋದು ಸಣ್ಣ ಪ್ರಶ್ನೆಯಲ್ಲ.

ಮೊದಲು ಹಿನ್ನೆಲೆ. 1999ರ ಏಪ್ರಿಲ್ 20ರಂದು ಕೊಲರಾಡೊ ರಾಜ್ಯದ ಕೊಲಂಬೈನ್ ಹೈಸ್ಕೂಲಿಗೆ ಅದೇ ಸ್ಕೂಲಿನ ಇಬ್ಬರು ಹುಡುಗರು ಬಾಂಬು, ಬಂದೂಕು ಹಿಡಿದು ನುಗ್ಗಿದರು. ಕ್ಯಾಂಟೀನಿನಲ್ಲಿಟ್ಟ ದೊಡ್ಡ ಬಾಂಬುಗಳು ಸಿಡಿಯಲಿಲ್ಲ. ಬಂದೂಕುಗಳು ಕೈ ಕೊಡಲಿಲ್ಲ. 12 ಮಕ್ಕಳು, ಒಬ್ಬ ಮೇಷ್ಟ್ರು ಸತ್ತರು. ಕೊನೆಗೆ ಆ ಇಬ್ಬರೂ ಗುಂಡು ಹೊಡೆದುಕೊಂಡು ಸತ್ತರು. ಮಾರನೇ ದಿನದಿಂದ ಟೀವಿಯಲ್ಲಿ ಕಾರಣಗಳ ಮೆರವಣಿಗೆ. ವಿಡಿಯೋ ಗೇಮ್, ಸಿನಿಮಾ, ಮ್ಯಾರಿಲಿನ್ ಮ್ಯಾನ್ಸನ್‌ನ ಹಾಡು. ಹಾಡಿಗೆ ಬೈತೀರಲ್ಲ, ಆ ಹುಡುಗರು ಅವತ್ತು ಬೆಳಿಗ್ಗೆ ಬೌಲಿಂಗ್ ಆಡಿ ಬಂದಿದ್ದರಂತೆ, ಬೌಲಿಂಗಿಗೆ ಯಾಕೆ ಬೈಯಲ್ಲ? ಚಿತ್ರದ ಹೆಸರಿನ ಹಿಂದಿರುವ ಕುಹಕ ಇದು. (ಅವತ್ತು ಅವರು ಬೌಲಿಂಗ್ ಕ್ಲಾಸಿಗೆ ಚಕ್ಕರ್ ಹೊಡೆದಿದ್ದರು ಅಂತ ತನಿಖೆ ಹೇಳಿತು. ಹೆಸರಿನಿಂದಲೇ ತಕರಾರು ಶುರು ನೋಡಿ.)

ಮೂರ್ ಹೊರಗಿನವನಲ್ಲ. ಮಿಷಿಗನ್ ರಾಜ್ಯದ ಫ್ಲಿಂಟ್ ಸುತ್ತಮುತ್ತ ಬೆಳೆದವನು, ಹುಡುಗನಾಗಿದ್ದಾಗ ಗುರಿಕಾರಿಕೆಯಲ್ಲಿ ಬಹುಮಾನ ಗೆದ್ದವನು, ನ್ಯಾಷನಲ್ ರೈಫಲ್ ಅಸೋಸಿಯೇಷನ್ ಅನ್ನೋ ಬಂದೂಕು ಪ್ರಿಯರ ಸಂಘದ, ಅಂದರೆ ಎನ್‌ಆರ್‌ಎಯ ಆಜೀವ ಸದಸ್ಯ. ಚಿತ್ರ 2002ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವಕ್ಕೆ ಹೋಯಿತು. ಅಲ್ಲಿನ ಮುಖ್ಯ ಸ್ಪರ್ಧೆಗೆ ಡಾಕ್ಯುಮೆಂಟರಿಯೊಂದು ಬಂದು ನಲವತ್ತಕ್ಕೂ ಹೆಚ್ಚು ವರ್ಷವಾಗಿತ್ತು. ಪ್ರೇಕ್ಷಕರು ನಿಮಿಷಗಟ್ಟಲೆ ನಿಂತು ಚಪ್ಪಾಳೆ ತಟ್ಟಿದರು, ಉತ್ಸವದ 55ನೇ ವರ್ಷದ ವಿಶೇಷ ಬಹುಮಾನ ಸಿಕ್ಕಿತು. ಅಕ್ಟೋಬರ್‌ನಲ್ಲಿ ಅಮೆರಿಕದ ಥಿಯೇಟರುಗಳಿಗೆ ಬಂದು, ಡಾಕ್ಯುಮೆಂಟರಿ ಅಂದರೆ ಮೂಗು ಮುರಿಯೋ ಜನರನ್ನೂ ಟಿಕೆಟ್ ಕೊಳ್ಳುವಂತೆ ಮಾಡಿತು. ಅಲ್ಲೊಂದರಲ್ಲೇ ಎರಡು ಕೋಟಿ ಡಾಲರಿಗೂ ಹೆಚ್ಚು ಗಳಿಸಿತು.

ಚಿತ್ರ ನೋಡುವಾಗ ಮೊದಲು ನಗು ಬರುತ್ತೆ. ಬ್ಯಾಂಕಿನಲ್ಲಿ ಅಕೌಂಟ್ ತೆಗೆದರೆ ಬಂದೂಕು ಉಚಿತ ಅನ್ನೋ ಸೀನು ಹಾಗಿದೆ. ಆಮೇಲೆ ಕೊಲಂಬೈನ್ ಕ್ಯಾಂಟೀನಿನ ಸಿಸಿಟಿವಿ ದೃಶ್ಯ ಬರುತ್ತೆ. ಹಿಂದೆ ಪೊಲೀಸರಿಗೆ ಬಂದ ಫೋನ್ ಕರೆಗಳ ದನಿ, ಮುಂದೆ ಮಕ್ಕಳು ಟೇಬಲ್ ಕೆಳಗೆ ತೆವಳುತ್ತಿರೋದು. ಅಷ್ಟು ಹೊತ್ತು ನಕ್ಕಿದ್ದೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಚಿತ್ರವನ್ನು ಬೈಯುವವರು ಕೂಡ ಆ ಕೆಲವು ನಿಮಿಷಗಳನ್ನು ಬೈದದ್ದು ನಾನು ಎಲ್ಲೂ ಓದಿಲ್ಲ.

ಎಲ್ಲರೂ ಮೆಚ್ಚಿದ ಇನ್ನೊಂದು ಭಾಗ ಕೆಮಾರ್ಟ್‌ನದು. ಕೊಲಂಬೈನ್‌ನಲ್ಲಿ ಗಾಯಗೊಂಡ ಇಬ್ಬರು ಹುಡುಗರು, ಅದರಲ್ಲೊಬ್ಬ ಗಾಲಿಕುರ್ಚಿಯಲ್ಲಿ, ಮೂರ್ ಜೊತೆ ಕೆಮಾರ್ಟ್ ಕಂಪನಿಯ ಮುಖ್ಯ ಕಚೇರಿಗೆ ಹೋಗುತ್ತಾರೆ. ಅವರ ಮೈಗೆ ಹೊಕ್ಕ ಗುಂಡುಗಳು ಕೆಮಾರ್ಟ್ ಅಂಗಡಿಯಲ್ಲಿ ಕೊಂಡವು. ಮೊದಲ ದಿನ ಕಾಯಿಸುತ್ತಾರೆ, ಸಾಗಹಾಕುತ್ತಾರೆ. ಇವರು ಹತ್ತಿರದ ಕೆಮಾರ್ಟ್‌ನಲ್ಲಿದ್ದ ಗುಂಡುಗಳನ್ನೆಲ್ಲ ಕೊಂಡು, ಮಾರನೇ ದಿನ ಪತ್ರಕರ್ತರ ಜೊತೆ ವಾಪಸ್ ಬರುತ್ತಾರೆ. ಆಗ ಕಂಪನಿಯ ಅಧಿಕಾರಿಯೊಬ್ಬರು ಹೊರಗೆ ಬಂದು, 90 ದಿನದೊಳಗೆ ಪಿಸ್ತೂಲಿನ ಗುಂಡು ಮಾರೋದನ್ನು ನಿಲ್ಲಿಸ್ತೀವಿ ಅಂತ ಘೋಷಿಸುತ್ತಾರೆ. ಮೂರ್‌ಗೇ ಮಾತು ಹೊರಡಲ್ಲ. ಇದು 2001ರ ಮಾತು. ಕೇಳಿದ್ದು ಇಷ್ಟೇ, ಇಂಥದ್ದನ್ನು ಮಾರಬೇಡಿ. ಕೇಳಿದವರ ಮೈಯಲ್ಲೇ ಸಾಕ್ಷಿ ಇತ್ತು.

ಪ್ರೇಕ್ಷಕರು ಎರಡು ಪಾಲಾಗಿದ್ದು ಚಾರ್ಲ್‌ಟನ್ ಹೆಸ್ಟನ್ ಭಾಗದಲ್ಲಿ. 'ಬೆನ್ ಹರ್' ಚಿತ್ರದ ಹೀರೋ ಅಂದರೆ ನಮ್ಮ ಅಪ್ಪಂದಿರಿಗೂ ಗೊತ್ತು. ಆಗ ಆತ ಎನ್‌ಆರ್‌ಎ ಅಧ್ಯಕ್ಷ. ಕೊಲಂಬೈನ್ ಘಟನೆಯಾಗಿ ಹನ್ನೊಂದೇ ದಿನಕ್ಕೆ, ಬರಬೇಡಿ ಅಂತ ಡೆನ್ವರ್ ಮೇಯರ್ ಕೇಳಿಕೊಂಡರೂ, ಎನ್‌ಆರ್‌ಎ ಪಕ್ಕದ ಡೆನ್ವರ್‌ನಲ್ಲೇ ತನ್ನ ವಾರ್ಷಿಕ ಸಭೆ ನಡೆಸಿತು. ಚಿತ್ರದಲ್ಲಿ ಇದು ಬರೋ ಕ್ರಮ ಗಮನಿಸಿ. ಕೊಲಂಬೈನ್‌ನಲ್ಲಿ ಅಳುತ್ತಿರುವ ಮಕ್ಕಳು. ತಕ್ಷಣ ಹೆಸ್ಟನ್ ಬಂದೂಕು ಎತ್ತಿ ಹಿಡಿದು, ನಾನು ಸತ್ತ ಮೇಲೇ ಇದನ್ನು ನನ್ನ ಕೈಯಿಂದ ಕಿತ್ತುಕೊಳ್ಳಬೇಕು ಅನ್ನುವ ದೃಶ್ಯ. ಆಮೇಲೆ ಡೆನ್ವರ್ ಭಾಷಣ. ನೋಡಿದವರಿಗೆ ರಕ್ತ ಕುದಿಯದೆ ಇರುತ್ತಾ?

ಆದರೆ ಬಂದೂಕು ಎತ್ತಿದ್ದು ಡೆನ್ವರ್‌ನಲ್ಲಲ್ಲ. ಒಂದು ವರ್ಷದ ನಂತರ, 2000ದ ಮೇನಲ್ಲಿ, ನಾರ್ತ್ ಕ್ಯಾರೊಲಿನಾದ ಶಾರ್ಲಟ್ ಊರಿನಲ್ಲಿ. ಎರಡೂ ದೃಶ್ಯ ಪಕ್ಕಪಕ್ಕ ಇಟ್ಟು ನೋಡಿದವರು ಟೈ ಬೇರೆ, ಅಂಗಿ ಬೇರೆ ಅಂತ ಪತ್ತೆ ಹಚ್ಚಿದರು. ಡೆನ್ವರ್‌ನಲ್ಲಿ ಹಬ್ಬದ ಥರದ ಕಾರ್ಯಕ್ರಮಗಳನ್ನೆಲ್ಲ ರದ್ದು ಮಾಡಿದ್ದೀವಿ ಅಂತ ಹೆಸ್ಟನ್ ಹೇಳಿದ್ದು ಚಿತ್ರದಲ್ಲಿಲ್ಲ. ಫ್ಲಿಂಟ್ ಹತ್ತಿರ ಆರು ವರ್ಷದ ಹುಡುಗನೊಬ್ಬ ತನ್ನ ವಯಸ್ಸಿನದೇ ಸಹಪಾಠಿ ಹುಡುಗಿಯನ್ನು ಶಾಲೆಯಲ್ಲೇ ಗುಂಡಿಟ್ಟು ಕೊಂದಿದ್ದು 2000ದ ಫೆಬ್ರವರಿಯಲ್ಲಿ. ಹೆಸ್ಟನ್ ಅಲ್ಲಿಗೆ ಹೋಗಿದ್ದು ಎಂಟು ತಿಂಗಳಾದ ಮೇಲೆ, ಎಲೆಕ್ಷನ್ ಪ್ರಚಾರಕ್ಕೆ. ಚಿತ್ರ ನೋಡಿದರೆ ಮಗುವಿನ ಅಂತ್ಯಸಂಸ್ಕಾರ ಮುಗಿಯೋ ಮುಂಚೆಯೇ ಬಂದ ಹಾಗೆ ಅನಿಸುತ್ತೆ. ಕೊನೆಯಲ್ಲಿ ಮೂರ್ ಆತನ ಮನೆಗೇ ಹೋಗಿ ಪ್ರಶ್ನೆ ಕೇಳುತ್ತಾನೆ, ಮುದುಕ ಎದ್ದು ಹೋಗುತ್ತಾನೆ. ಚಿತ್ರ ಥಿಯೇಟರಿಗೆ ಬರೋ ಎರಡು ತಿಂಗಳ ಮುಂಚೆ ಹೆಸ್ಟನ್ ತನಗೆ ಅಲ್ಝೈಮರ್ ರೋಗದ ಲಕ್ಷಣಗಳಿವೆ ಅಂತ ಹೇಳಿಕೊಂಡಿದ್ದ. ಸಂದರ್ಶನ ಅದಕ್ಕೂ ಮೊದಲಿನದು. ಆದರೆ ಟಿಕೆಟ್ ಕೊಂಡವರಿಗೆ ಕಂಡಿದ್ದು ಕಾಯಿಲೆಯ ಮುದುಕನನ್ನು ಮನೆಯಲ್ಲೇ ಹಿಡಿದು ಹಣಿಯೋದು. ಚಿತ್ರದ ಪರ ಇದ್ದವರಲ್ಲೂ ಕೆಲವರಿಗೆ ಮುಜುಗರವಾಯಿತು.

ನನಗೆ ಬೇಜಾರಾಗೋದು ಇಲ್ಲೇ. ನಡೆದದ್ದೇ ಸಾಕಿತ್ತು, ಮಾರಾಯ್ರೆ! ಹದಿಮೂರು ಜನರನ್ನು ಕಳಕೊಂಡ ಊರಿನ ಪಕ್ಕದಲ್ಲಿ, ಹನ್ನೊಂದೇ ದಿನಕ್ಕೆ, ಮೇಯರ್ ಬೇಡ ಅಂದ ಮೇಲೂ ಸಭೆ ನಡೆಯಿತು. ಇದರ ಮೇಲೆ ಇನ್ನೊಂದು ಊರಿನ ದೃಶ್ಯ ತಂದು ಅಂಟಿಸೋ ಅಗತ್ಯ ಏನಿತ್ತು? ಅಂಟಿಸಿದ್ದರಿಂದ ಉತ್ತರ ಕೊಡಬೇಕಾದವರು ತಪ್ಪಿಸಿಕೊಂಡರು. ಬಂದೂಕಿನ ಪ್ರಶ್ನೆ ಕೇಳಿದಾಗಲೆಲ್ಲ ಟೈ ತೋರಿಸಿದರು. ಜಾಣತನದ ಎಡಿಟಿಂಗ್ ಒಂದು ಸಂಜೆ ಚಪ್ಪಾಳೆ ಗಿಟ್ಟಿಸಿ, ಇಪ್ಪತ್ತು ವರ್ಷದ ವಾದವನ್ನು ಎದುರಾಳಿಯ ಕೈಗೆ ಕೊಟ್ಟಿತು.

ಅಂಕಿಗಳದ್ದೂ ಇದೇ ಕಥೆ. ಬಂದೂಕಿನಿಂದ ವರ್ಷಕ್ಕೆ ಕೊಲೆಯಾದವರು ಅಮೆರಿಕದಲ್ಲಿ 11,127, ಕೆನಡಾದಲ್ಲಿ 165, ಜಪಾನಿನಲ್ಲಿ 39 ಅಂತ ಚಿತ್ರ ಸಾಲಾಗಿ ಹೇಳುತ್ತೆ. ಜನಸಂಖ್ಯೆಯಿಂದ ಭಾಗಿಸಿಲ್ಲ. ಇಂಥ ಡ್ಯಾಶ್‌ಬೋರ್ಡ್ ಆಫೀಸಿನಲ್ಲಿ ತೋರಿಸಿದರೆ ಎರಡೇ ನಿಮಿಷದಲ್ಲಿ ಸಿಕ್ಕಿಬೀಳ್ತೀವಿ. ಸರಿ, ನಾವೇ ಭಾಗಿಸೋಣ. ಆಗ ಅಮೆರಿಕದ ಜನಸಂಖ್ಯೆ ಕೆನಡಾದ ಸುಮಾರು ಒಂಬತ್ತು ಪಟ್ಟು. 165ನ್ನು ಒಂಬತ್ತರಿಂದ ಗುಣಿಸಿದರೆ ಸುಮಾರು 1,500. ಅಂದರೆ ಚಿತ್ರದ ಅಂಕಿಯನ್ನೇ ಹಿಡಿದರೂ, ನ್ಯಾಯವಾಗಿ ಲೆಕ್ಕ ಹಾಕಿದ ಮೇಲೂ ಅಮೆರಿಕದ ಸಾವು ಏಳು ಪಟ್ಟು ಹೆಚ್ಚು. ಏಳು ಪಟ್ಟು ಕಡಿಮೆಯಾಯಿತಾ? ಪ್ರಾಮಾಣಿಕವಾದ ಲೆಕ್ಕವೇ ಬೆಚ್ಚಿಬೀಳಿಸುವಷ್ಟಿತ್ತು.

ಕೆನಡಾದಲ್ಲೂ ಬಂದೂಕುಗಳಿವೆ, ಆದರೂ ಅವರು ಯಾಕೆ ಹೀಗೆ ಕೊಲ್ಲಲ್ಲ ಅನ್ನೋದು ಮೂರ್‌ನ ದೊಡ್ಡ ಪ್ರಶ್ನೆ. ಟೊರೊಂಟೊದ ಮನೆಗಳ ಬೀಗ ಹಾಕದ ಬಾಗಿಲು ತಳ್ಳಿ ನೋಡುತ್ತಾನೆ. ಅಮೆರಿಕನ್ನರಿಗೆ ಭಯ ಜಾಸ್ತಿ, ಟೀವಿ ಆ ಭಯವನ್ನು ಸಾಕುತ್ತೆ ಅನ್ನೋದು ಆತನ ಉತ್ತರ. ಎಷ್ಟೋ ಪ್ರೇಕ್ಷಕರು ಥಿಯೇಟರಿನಿಂದ ಹೊತ್ತುಕೊಂಡು ಬಂದಿದ್ದೂ ಇದನ್ನೇ. ಅರ್ಧ ಸರಿ ಇರಬಹುದು. ಆದರೆ ಕೆನಡಾದಲ್ಲಿ ಪಿಸ್ತೂಲುಗಳನ್ನು 1934ರಿಂದಲೂ ನೋಂದಾಯಿಸಬೇಕು, 1995ರ ಕಾಯ್ದೆಯ ನಂತರ ಯಾವ ಬಂದೂಕಿಗೂ ಲೈಸೆನ್ಸ್ ಬೇಕು. ಅಲ್ಲಿನ ಮನೆಗಳಲ್ಲಿದ್ದದ್ದು ಬಹುಪಾಲು ಬೇಟೆಯ ಉದ್ದ ಬಂದೂಕುಗಳು. ಚಿತ್ರ ಇದಕ್ಕೆ ಕೊಡಬೇಕಾದಷ್ಟು ಜಾಗ ಕೊಡಲಿಲ್ಲ.

ನಾನು ಬೆಳೆದ ಮಲೆನಾಡಿನ ಊರಲ್ಲಿ ತೋಟಕ್ಕೆ ಬರೋ ಮಂಗ, ಹಂದಿ ಓಡಿಸೋಕೆ ಕೋವಿ ಇಟ್ಟುಕೊಂಡ ಮನೆಗಳಿದ್ದವು. ಎಲೆಕ್ಷನ್ ಬಂತು ಅಂದರೆ ಕೋವಿಯನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ಬರಬೇಕು. ಎಲೆಕ್ಷನ್ ಮುಗಿಯೋ ತನಕ ಹಂದಿಗಳಿಗೆ ಹಬ್ಬ. ಗೊಣಗುತ್ತಲೇ ಒಪ್ಪಿಸುತ್ತಿದ್ದರು. ನಮ್ಮೂರಿನವರು ಅಮೆರಿಕದವರಿಗಿಂತ ಸಾಧುಗಳು ಅಂತ ನಾನು ಹೇಳಲ್ಲ, ಗದ್ದೆ ಬದುವಿನ ಜಗಳ ನೋಡಿದವರು ಯಾರೂ ಹೇಳಲ್ಲ. ಕೋವಿ ಯಾರ ಹತ್ತಿರ ಇದೆ ಅಂತ ಸ್ಟೇಷನ್ನಿನ ಪುಸ್ತಕದಲ್ಲಿ ಬರೆದಿತ್ತು, ಅಷ್ಟೇ.

ಕೊಲಂಬೈನ್‌ನಲ್ಲಿ ಕೊರತೆಯಾಗಿದ್ದು ಈ ಪುಸ್ತಕವೇ. ಆ ಹುಡುಗರ ಕೈಲಿದ್ದ ನಾಲ್ಕು ಬಂದೂಕುಗಳಲ್ಲಿ ಮೂರನ್ನು 18 ವರ್ಷದ ಗೆಳತಿಯೊಬ್ಬಳು 'ಗನ್ ಶೋ' ಅನ್ನೋ ಬಂದೂಕು ಸಂತೆಯಲ್ಲಿ ಕೊಂಡುಕೊಟ್ಟಿದ್ದಳು. ಲೈಸೆನ್ಸ್ ಇರೋ ಅಂಗಡಿಯವನು ಕೊಳ್ಳುವವರ ಹಿನ್ನೆಲೆ ತಪಾಸಣೆ ಮಾಡಿಸಬೇಕು. ಸಂತೆಯಲ್ಲಿ ಮಾರೋ ಖಾಸಗಿ ಆಸಾಮಿಗೆ ಆ ಕಟ್ಟುಪಾಡು ಇರಲಿಲ್ಲ. ತಪಾಸಣೆ ಇದ್ದಿದ್ದರೆ ಕೊಳ್ಳುತ್ತಿರಲಿಲ್ಲ ಅಂತ ಆಕೆಯೇ ಆಮೇಲೆ ಹೇಳಿದಳು.

ಚಿತ್ರದ ನಂತರ ಅಮೆರಿಕ ಎಲ್ಲಿಗೆ ಬಂತು? 1994ರಲ್ಲಿ ಬಂದಿದ್ದ, ಯುದ್ಧದ ಮಾದರಿಯ ಬಂದೂಕುಗಳ ನಿಷೇಧ 2004ರಲ್ಲಿ ಅವಧಿ ಮುಗಿದು ಬಿದ್ದುಹೋಯಿತು. ಮನೆಯಲ್ಲಿ ಬಂದೂಕು ಇಟ್ಟುಕೊಳ್ಳೋದು ವ್ಯಕ್ತಿಯ ಹಕ್ಕು ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು, ಆರು ಜನ ದೊಡ್ಡವರು. 2018ರಲ್ಲಿ ಪಾರ್ಕ್‌ಲ್ಯಾಂಡ್‌ನಲ್ಲಿ 17 ಜನ. 2022ರ ಮೇ 24ರಂದು ಟೆಕ್ಸಸ್‌ನ ಯುವಾಲ್ಡೆಯಲ್ಲಿ 19 ಮಕ್ಕಳು, ಇಬ್ಬರು ಟೀಚರ್‌ಗಳು. ಅದಾಗಿ ಮೂರೇ ದಿನಕ್ಕೆ ಅದೇ ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ ಎನ್‌ಆರ್‌ಎ ಸಮಾವೇಶ ಶುರುವಾಯಿತು. ಈ ಸಲ ಯಾರೂ ಯಾವ ದೃಶ್ಯವನ್ನೂ ಅಂಟಿಸಬೇಕಾಗಿರಲಿಲ್ಲ. ಆನ್‌ಸೈಟ್ ಅಂತ ಹೋಗಿ ಅಲ್ಲೇ ನೆಲೆಯೂರಿದ ನಮ್ಮ ಗೆಳೆಯರ ಮಕ್ಕಳು ಈಗ ಶಾಲೆಯಲ್ಲಿ ದೀಪ ಆರಿಸಿ, ಬಾಗಿಲು ಹಾಕಿ, ಉಸಿರು ಬಿಗಿಹಿಡಿದು ಕೂರೋ ಅಭ್ಯಾಸ ಮಾಡ್ತಾರೆ. ನಾವು ಪ್ರಾರ್ಥನೆಗೆ ಸಾಲು ನಿಲ್ಲೋದು ಕಲಿತ ವಯಸ್ಸಿನಲ್ಲಿ.

ಚಿತ್ರದಲ್ಲಿ ಸ್ವಲ್ಪವೇ ಹೊತ್ತು ಕಾಣಿಸುವ ಒಬ್ಬ ಅಪ್ಪ ಇದ್ದಾರೆ. ಕೊಲಂಬೈನ್‌ನಲ್ಲಿ ಸತ್ತ ಹುಡುಗನೊಬ್ಬನ ತಂದೆ. ಡೆನ್ವರ್ ಸಭೆಯ ಹೊರಗೆ ಪ್ರತಿಭಟನೆಗೆ ನಿಂತವರು. ಘಟನೆಗೆ ಎರಡು ವಾರ ಮುಂಚೆ ಊಟದ ಹೊತ್ತಿನಲ್ಲಿ ಆ ಮಗ, ಬಂದೂಕು ತಪಾಸಣೆಯ ಕಾನೂನಿನಲ್ಲಿ ಕಂಡಿಗಳಿವೆ ಗೊತ್ತಾ ಅಂತ ಅಪ್ಪನನ್ನು ಕೇಳಿದ್ದನಂತೆ. ರಾಜ್ಯದ ಶಾಸಕರು ಆ ಕಂಡಿ ಮುಚ್ಚಲು ಒಪ್ಪದಿದ್ದಾಗ ಈ ಅಪ್ಪ ಮತ್ತು ಜೊತೆಗಾರರು ಸಹಿ ಸಂಗ್ರಹಿಸಿ ವಿಷಯವನ್ನು ನೇರ ಮತದಾರರ ಮುಂದೆ ಇಟ್ಟರು. 2000ದ ನವೆಂಬರ್‌ನಲ್ಲಿ, ಬೇಟೆಗಾರರೇ ತುಂಬಿರೋ ಕೊಲರಾಡೊದಲ್ಲಿ, ಸುಮಾರು ನೂರಕ್ಕೆ ಎಪ್ಪತ್ತು ಜನ ಹೌದು ಅಂದರು. ಸಂತೆಯಲ್ಲಿ ಕೊಳ್ಳುವವರಿಗೂ ತಪಾಸಣೆ ಕಡ್ಡಾಯವಾಯಿತು. ಚಿತ್ರ ಥಿಯೇಟರಿಗೆ ಬರೋದಕ್ಕೆ ಎರಡು ವರ್ಷ ಮೊದಲು. ಅಪ್ಪ ಈ ಓಡಾಟಕ್ಕೆಲ್ಲ ಮಗನ ಶೂ ಹಾಕಿಕೊಂಡೇ ಹೋಗುತ್ತಿದ್ದರು.