ಶಾಸಕಿಯ ಮನೆಗೆ ಗಂಡನ ಸಹಿ

ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು, ಓನರ್ ಎಷ್ಟು ಪ್ರಶ್ನೆ ಕೇಳ್ತಾರೆ ಅಂತ. ಇವತ್ತು ನಾನು ಹೇಳೋದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಕತೆ.

ಕ್ಲೇರ್ ಕರ್ಕ್‌ಲ್ಯಾಂಡ್-ಕಾಸ್‌ಗ್ರಾಂ ವೃತ್ತಿಯಲ್ಲಿ ವಕೀಲೆ. ಶಾಸಕರಾಗಿದ್ದ ಅಪ್ಪ ತೀರಿಕೊಂಡ ಮೇಲೆ ಅದೇ ಕ್ಷೇತ್ರದಲ್ಲಿ ನಿಂತು 1961ರ ಡಿಸೆಂಬರ್‌ನಲ್ಲಿ ಗೆದ್ದರು. ಕ್ವಿಬೆಕ್ ಶಾಸನಸಭೆಗೆ ಆರಿಸಿ ಬಂದ ಮೊದಲ ಹೆಂಗಸು. ಸದನದಲ್ಲಿ ಅವರು ಟೋಪಿ ಹಾಕಬೇಕೋ ಬೇಡವೋ ಅಂತ ಚರ್ಚೆಯೇ ನಡೀತು. ಅವರು ಬರಿತಲೆಯಲ್ಲೇ ಬಂದರು.

ಟೋಪಿ ಬಿಡಿ. ರಾಜಧಾನಿ ಕ್ವಿಬೆಕ್ ಸಿಟಿಯಲ್ಲಿ ಉಳಿಯೋಕೆ ಅಪಾರ್ಟ್‌ಮೆಂಟ್ ಬೇಕಿತ್ತಲ್ಲ? ಕರಾರಿಗೆ ಗಂಡನ ಸಹಿಯೂ ಬೇಕಾಯ್ತು! ಮದುವೆಯಾದ ಹೆಂಗಸು ಗಂಡನ ಒಪ್ಪಿಗೆಯಿಲ್ಲದೆ ಕರಾರು ಮಾಡುವಂತಿಲ್ಲ ಅನ್ನೋದು ಅಲ್ಲಿನ ಕಾನೂನು. ಪ್ರಾಂತ್ಯಕ್ಕೆಲ್ಲ ಕಾನೂನು ಮಾಡೋ ಶಾಸಕಿಗೆ ತನ್ನ ಬಾಡಿಗೆ ಕರಾರಿಗೆ ಒಬ್ಬಳೇ ಸಹಿ ಹಾಕೋ ಹಕ್ಕಿರಲಿಲ್ಲ.

1962ರ ಕೊನೆಗೆ ಲೆಸಾಜ್ ಸಂಪುಟದಲ್ಲಿ ಖಾತೆಯಿಲ್ಲದ ಮಂತ್ರಿಯಾದರು. ಇಂಥ ಹುದ್ದೆ ಹೆಚ್ಚಾಗಿ ಫೋಟೋಗೆ ಅಂತ ನನ್ನ ಅನುಮಾನ. ಇವರು ಮಾತ್ರ ಸುಮ್ಮನೆ ಕೂರಲಿಲ್ಲ. 1964ರಲ್ಲಿ ‘ಮಸೂದೆ 16’ ಮಂಡಿಸಿ ಪಾಸ್ ಮಾಡಿಸಿದರು. ಆ ವರ್ಷ ಜುಲೈ 1ರಿಂದ ಮದುವೆಯಾದ ಹೆಂಗಸರೂ ತಾವೇ ಕರಾರು ಮಾಡಬಹುದಾಯ್ತು. ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕು ಅನ್ನೋ ಕಾನೂನೂ ಹೋಯ್ತು. ಆಸ್ತಿ ಹಕ್ಕು ಪೂರ್ತಿ ಸರಿಹೋಗೋಕೆ ಇನ್ನೂ ವರ್ಷಗಳು ಬೇಕಾದವು, ಅದು ಬೇರೆ ಮಾತು.

ಮುಂದೆ ಸಾರಿಗೆ, ಪ್ರವಾಸೋದ್ಯಮ, ಸಂಸ್ಕೃತಿ ಖಾತೆಗಳು ಸಿಕ್ಕವು. 1973ರಲ್ಲಿ ರಾಜಕೀಯ ಬಿಟ್ಟು ನ್ಯಾಯಾಧೀಶೆಯಾದರು. ಅಷ್ಟು ವರ್ಷವೂ ಆ ಸದನದಲ್ಲಿ ಇದ್ದ ಹೆಂಗಸು ಅವರೊಬ್ಬರೇ.